ಚಕ್ರವರ್ತಿ ಕಾಲು ಚಾಚಿ ನಿಂತ ತೊಳೆಗಲ್ಲು

ನಮ್ಮೂರ ಅಗಸೆ ಬಾಗಿಲು ದಾಟಿ ಹಳ್ಳದ ಕಡೆ ಇಳಿದರೆ ಎಡಕ್ಕೆ ಒಂದು ಚಪ್ಪಡಿ ಇದೆ. ಎಮ್ಮೆ ಮಲಗಿದಷ್ಟು ಉದ್ದ, ನಡುವೆ ಬೋಗುಣಿಯಂಥ ತಗ್ಗು. ಅದಕ್ಕೆ ತೊಳೆಗಲ್ಲು ಎನ್ನುತ್ತಾರೆ. ಬಟ್ಟೆ ಒಗೆಯುವ ಕಲ್ಲೆಂದು ಹೊರಗಿನವರು ತಿಳಿಯುತ್ತಾರೆ. ನಮ್ಮವರು ಅದರ ಮೇಲೆ ಒಂದು ಹೆಗಲ ಚೌಕವನ್ನೂ ಹಿಂಡಿದವರಲ್ಲ. ಅದು ಬಿಳಿಗಲ್ಲು ವಂಶದ ಕಡೆಯ ಚಕ್ರವರ್ತಿ ಭೋಗದೇವನ ಕಲ್ಲು.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಅವನದಾಗಿತ್ತಂತೆ. ಹೇಗೆ ಅವನದಾಯಿತು ಎಂಬುದನ್ನು ಗುಡಿಯಲ್ಲಿ ಕಥೆ ಹೇಳುವವರು ನುಂಗಿಬಿಡುತ್ತಾರೆ. ಅಣ್ಣ ಸತ್ತಾಗ ಪಟ್ಟ ಅಣ್ಣನ ಮಗ ಮಾಚರಸನಿಗೆ ಸಲ್ಲಬೇಕಿತ್ತು. ಚಿತೆ ಆರುವ ಮೊದಲೇ ಭೋಗದೇವ ಆ ಕೂಸಿನ ಕಣ್ಣು ಕೀಳಿಸಿದ. ಕುರುಡನಿಗೆ ಪಟ್ಟ ಕಟ್ಟುವ ಪದ್ಧತಿ ಇರಲಿಲ್ಲ. ಅತ್ತಿಗೆ ಲಚ್ಚಲದೇವಿ ಮಗನನ್ನು ಕಂಕುಳಲ್ಲೆತ್ತಿ ನಮ್ಮೂರಿಗೆ ಬಂದು, ಹೆಸರು ಮರೆಸಿ, ಕಂಡವರ ಮನೆಯ ಹಿಟ್ಟು ಬೀಸಿ ಮುದುಕಿಯಾದಳು. ಇತ್ತ ಚಕ್ರವರ್ತಿ ಮಲಗುವ ಮನೆಯ ದೀಪ ಆರಿಸಗೊಡುತ್ತಿರಲಿಲ್ಲವಂತೆ. ಕತ್ತಲಾದರೆ ಆ ಕೂಸಿನ ಪಾಡು ಕಣ್ಣಿಗೆ ಕಟ್ಟುತ್ತಿತ್ತು. ಬೆಳಕಿನಲ್ಲಿ ನಿದ್ದೆ ಬಾರದೆಂದು ಕಿರಿಯ ರಾಣಿ ದಂಡನಾಯಕನ ಬಿಡಾರ ಸೇರಿಕೊಂಡಳು. ಅವಳಿಗಿದ್ದದ್ದು ಬರೀ ದೀಪದ ತೊಂದರೆಯೋ ಏನೋ, ಹೋಗಿ ನೋಡಿದವರಾರು. ಆ ದಂಡನಾಯಕನೇ ಒಂದು ದಿನ ಕೋಟೆಯ ದಿಡ್ಡಿಬಾಗಿಲನ್ನು ಹಗೆಯ ದಂಡಿಗೆ ತೆರೆದುಕೊಟ್ಟ. ಚಕ್ರವರ್ತಿ ಓಡಿದ. ಅವನನ್ನು ಬಚ್ಚಿಟ್ಟ ಮನೆಗೆ ಬೆಂಕಿ ಇಡುವುದಾಗಿ ಗೆದ್ದವರು ಊರೂರಲ್ಲಿ ಡಂಗುರ ಹೊಡೆಸಿದರು.

ಕಂಬಳಿ ಹೊದ್ದು, ಕುರಿ ಕಾಯುವವನಂತೆ ಬಂದವನು ಒಂದು ಮಧ್ಯಾಹ್ನ ಈ ಕಲ್ಲಿನ ಬಳಿಯಿದ್ದ ಗುಡಿಸಲ ಮುಂದೆ ಅಂಬಲಿ ಬೇಡಿದ. ಮುದುಕಿ ಒಂದು ಚೊಂಬು ನೀರಿಟ್ಟು, ಕಾಲು ತೊಳೆದು ಬಾ ಎಂದಳು. ಇವನು ಚೊಂಬು ಮುಟ್ಟಲಿಲ್ಲ. ಕಲ್ಲಿನ ಮೇಲೆ ಬಲಗಾಲು ಚಾಚಿ ಸುಮ್ಮನೆ ನಿಂತ. ಹುಟ್ಟಿದಾಗಿನಿಂದ ಯಾರೋ ತೊಳೆದ ಕಾಲು, ಅದಕ್ಕೇನು ತಿಳಿದೀತು.

ಮುದುಕಿ ಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. "ಭೋಗಾ, ಇಲ್ಲಿ ಕಾಲು ತೊಳೆಯೋ ಆಳಿಲ್ಲಪ್ಪ. ಇರೋನು ನನ್ನ ಮಗ ಒಬ್ಬ. ನಿನ್ನ ಕಾಲು ಎಲ್ಲಿದೆ ಅಂತ ಅವನಿಗೆ ಕಾಣೋದಿಲ್ಲ."

"ಅತ್ತಿಗೆಮ್ಮ" ಎಂದನಂತೆ.

"ಯಾರವ್ವಾ ಬಂದೋರು?" ಎಂದು ಒಳಗಿನಿಂದ ಮಾಚರಸ ಕೇಳಿದ.

"ನಿನ್ನ ಚಿಕ್ಕಪ್ಪ. ಹಸಿದು ಬಂದಾನೆ."

"ಹಾಗಾದರೆ ನನ್ನ ಪಾಲಿಂದು ಹಾಕವ್ವ."

ಅಷ್ಟರಲ್ಲಿ ಅಗಸೆಯ ಕಡೆ ಕುದುರೆಗಳ ಧೂಳು ಎದ್ದಿತು. ಲಚ್ಚಲದೇವಿ ಜೋಳ ತುಂಬುವ ಆಳೆತ್ತರದ ಮಣ್ಣಿನ ವಾಡೆಯ ಮುಚ್ಚಳ ತೆಗೆದು, ಇಳಿ ಎಂದಳು. ಅವನು ಇಳಿಯಲಿಲ್ಲ. ಮಾಚರಸನ ಕೈ ಹಿಡಿದು ಕರೆತಂದು ಕಲ್ಲಿನ ಮೇಲೆ ಕೂರಿಸಿ, ಅದೇ ಚೊಂಬಿನ ನೀರಿನಲ್ಲಿ ಅವನ ಪಾದ ತೊಳೆದ. ತೊಳೆದು ರೂಢಿಯಿಲ್ಲದ ಕೈ, ಅರ್ಧ ನೀರು ನೆಲಕ್ಕೇ ಹೋಯಿತು ಎನ್ನುತ್ತಾರೆ. ಆಮೇಲೆ ಕಂಬಳಿ ಕಳಚಿಟ್ಟು ಕುದುರೆಯವರ ಎದುರಿಗೆ ತಾನೇ ನಡೆದ. ಹೋದವನು ಹೋದ, ವಂಶವೂ ಹೋಯಿತು. ಗುಡಿಸಲು ಉಳಿಯಿತು. ಮಾಚರಸನಿಗೆ ಕಣ್ಣು ಮರಳಿ ಬಂತೆಂದು ಕೆಲವರು ಸೇರಿಸುತ್ತಾರೆ, ಅದು ಸುಳ್ಳು.

ಒಡಹುಟ್ಟಿದವರಿಗೆ, ಅವರ ಮಕ್ಕಳಿಗೆ ಅನ್ಯಾಯ ಮಾಡಿದವರು ಈಗಲೂ ಇಲ್ಲಿಗೆ ಬರುತ್ತಾರೆ. ಅನ್ಯಾಯವಾದವರನ್ನು ಕರೆತಂದು ಕಲ್ಲಿನ ಮೇಲೆ ಕೂರಿಸಬೇಕೆಂಬುದು ಪದ್ಧತಿ. ಬಂದವರು ಹಿಂದೆ ಮುಂದೆ ನೋಡಿ, ಒಬ್ಬರೇ ಕೂತು, ತಮ್ಮ ಕಾಲನ್ನೇ ತೊಳೆದುಕೊಂಡು ಹೋಗುತ್ತಾರೆ.