ಮೂಟೆಯ ಮೇಲಿನ ಆಮೆ

ಕಡಲಾಮೆಯನ್ನೇ ರಾಷ್ಟ್ರಲಾಂಛನ ಮಾಡಿಕೊಂಡ ದ್ವೀಪದೇಶವೊಂದಿತ್ತು. ಒಂದು ಮುಂಜಾನೆ ಮುದಿ ಆಮೆಯೊಂದು ಮೊಟ್ಟೆಯಿಡಲು ತಾನು ಹುಟ್ಟಿದ ದಡಕ್ಕೆ ಈಜಿ ಬಂತು. ಬಂದು ನೋಡಿದರೆ ಮರಳೇ ಇಲ್ಲ, ಉದ್ದಕ್ಕೂ ಕಲ್ಲು ಹಾಸಿದ ಬಂದರು. ದೋಣಿ ಎಳೆಯುವ ಇಳಿಜಾರು ಹತ್ತುವಷ್ಟರಲ್ಲಿ ಕಾವಲು ನಾಯಿ ಅಡ್ಡ ಬಂತು.

"ಯಾರದು? ರಹದಾರಿ ಇದೆಯಾ?"

"ಬಸುರಿಗೆ ಎಂಥ ರಹದಾರಿಯಪ್ಪಾ? ಇಲ್ಲಿದ್ದ ಮರಳೆಲ್ಲ ಎಲ್ಲಿ ಹೋಯ್ತು?"

"ಪರದೇಶಕ್ಕೆ, ತಾಯಿ! ನಮ್ಮ ಮರಳಿಗೆ ಅಲ್ಲಿ ಭಾರಿ ಮರ್ಯಾದೆ. ಮೂಟೆ ಮೂಟೆಯ ಮೇಲೂ ನಿನ್ನದೇ ಚಿತ್ರ, ನೋಡು."

ಆಮೆ ನೋಡಿತು. ಸಾಲು ಮೂಟೆಗಳ ಮೇಲೆಲ್ಲ ತನ್ನದೇ ಮುಖ. ಓಹೋ, ನನಗೆಂದೇ ಗುರುತು ಹಾಕಿ ತೆಗೆದಿಟ್ಟಿದ್ದಾರೆ, ಮರೆತಿಲ್ಲ ಪಾಪ, ಅಂದುಕೊಂಡಿತು. ಇನ್ನೂ ಬಾಯಿ ಹೊಲಿಯದೆ ಅಡ್ಡ ಬಿದ್ದಿದ್ದ ಒಂದು ಮೂಟೆಯೊಳಕ್ಕೆ ತೂರಿಕೊಂಡು ಮರಳು ತೋಡಿ, ಮೊಟ್ಟೆಯಿಟ್ಟು ಮುಚ್ಚಿ ಹೊರಬಂತು. ಲಾಂಛನವನ್ನು ತಡೆಯುವುದು ಹೇಗೆಂದು ನಾಯಿ ಸುಮ್ಮನೆ ಬಾಲ ಆಡಿಸಿತು.

ಬಿಸಿಲೇರಿದಾಗ ಕೂಲಿಗಳು ಬಂದು ಮೂಟೆಯ ಬಾಯಿ ಹೊಲಿದರು. ಕ್ರೇನು ಕೊಕ್ಕೆ ಹಾಕಿ ಮೇಲೆತ್ತಿತು.

"ಅಯ್ಯೋ, ಇಳಿಸು! ಅದರಲ್ಲಿ ನನ್ನ ಮಕ್ಕಳಿದ್ದಾರೆ!" ಎಂದು ಆಮೆ ಕೂಗಿತು.

"ಆಮೆಯ ಮುದ್ರೆ ಇದ್ದದ್ದೆಲ್ಲ ಹಡಗಿಗೆ ಹೋಗಬೇಕು. ಅದೇ ಕಾನೂನು," ಎಂದಿತು ಕ್ರೇನು.

"ಹಾಗಾದರೆ ನನ್ನನ್ನೂ ಎತ್ತು. ನಾನೇ ಅಲ್ಲವೇ ಆ ಆಮೆ!"

ಕ್ರೇನು ಕತ್ತು ಬಗ್ಗಿಸಿ ಅದರ ಬೆನ್ನನ್ನು ಹಿಂದೆ ಮುಂದೆ ನೋಡಿತು.

"ನಿನ್ನ ಮೇಲೆ ಮುದ್ರೆ ಎಲ್ಲಿದೆ?"

ಹಡಗು ಹೊರಟಿತು. ಆಮೆ ನೀರಿಗೆ ಧುಮುಕಿ ಹಿಂದೆಯೇ ಈಜಿತು. ಹಡಗು ಕಣ್ಮರೆಯಾದ ಮೇಲೂ ಈಜುತ್ತಲೇ ಇತ್ತು.