ಒಂದು ಶೂ, ಒಂದು ಚಪ್ಪಲಿ

ದಾವಣಗೆರೆಯ ಮುರುಗೇಂದ್ರಪ್ಪನವರು ಹೆಂಡತಿ ಸರ್ವಮಂಗಳಮ್ಮನವರನ್ನು ಇಸ್ತಾಂಬುಲ್ ನೋಡೋಕೆ ಕರಕೊಂಡು ಹೋದರು. "ಇಲ್ಲಿ ನಮ್ಮೂರ ಥರ ಆಡಿ ನನ್ನ ಮಾನ ಕಳೀಬೇಡ" ಅಂದವರೇ ಬೆಳಗ್ಗೆಯಿಂದ ಮುಂದೆ ಮುಂದೆ ನಡೆದರು. ಆಕೆ ಹಿಂದೆ ಹಿಂದೆ ಓಡಿದರು.

ಒಂದು ಹಳೇ ಮಸೀದಿಯ ಬಾಗಿಲಲ್ಲಿ ಶೂ ಕಳಚಿ ಹೆಂಡತಿಯ ಕೈಗೆ ಕೊಟ್ಟು, ಒಳಗೆ ನಡೆದೇಬಿಟ್ಟರು. ಹೊರಗೆ ಬಂದು ನೋಡಿದರೆ ಬಾಗಿಲ ಬಳಿ ಪಾದರಕ್ಷೆ ಇಡುವ ಕಪಾಟಿನಲ್ಲಿ ಒಂದೇ ಶೂ!

"ಕಳ್ಳತನ! ಇಂಥಾ ಜಾಗದಲ್ಲೂ ಕಳ್ಳತನ!" ಅಂತ ಇಂಗ್ಲಿಷಿನಲ್ಲಿ ಕೂಗಾಡಿದರು. ಜನ ಸೇರಿದರು. ಕಾವಲಿನವನು ಓಡಿಬಂದ.

ಸರ್ವಮಂಗಳಮ್ಮ ನಿಧಾನವಾಗಿ ಬಂದು, ಆ ತುದಿಯ ಕಪಾಟಿನಿಂದ ಇನ್ನೊಂದು ಶೂ ತೆಗೆದರು. ಪಕ್ಕದಲ್ಲೇ ಅವರದೊಂದು ಚಪ್ಪಲಿ. ಗುಡಿಗಳ ಮುಂದೆ ಚಪ್ಪಲಿ ಕಳಕೊಂಡು ಕಲಿತ ಬುದ್ಧಿ ಅದು: ಜೋಡಿ ಬೇರೆ ಮಾಡಿಟ್ಟರೆ ಯಾರೂ ಕದಿಯಲ್ಲ.

ಕಾವಲಿನವನ ಮುಖ ಕೆಂಪಾಯಿತು. "ನಮ್ಮನ್ನು ಕಳ್ಳರು ಅಂದುಕೊಂಡಿರಾ?"

ಮುರುಗೇಂದ್ರಪ್ಪನವರಿಗೆ ತಲೆ ಎತ್ತಲಾಗಲಿಲ್ಲ.

"ಅವರಿಗೆ ಹೇಳ್ರೀ," ಅಂದರು ಸರ್ವಮಂಗಳಮ್ಮ. "ಇದು ಕಳ್ಳರ ಭಯಕ್ಕಲ್ಲ. ನನ್ನ ಗಂಡ ಬೆಳಗ್ಗೆಯಿಂದ ನನ್ನನ್ನ ಬಿಟ್ಟು ಬಿಟ್ಟು ಹೋಗ್ತಿದ್ದಾರೆ. ಹೀಗಿಟ್ಟರೆ ನಾನು ಬರೋ ತನಕ ಕಾಯಲೇಬೇಕಲ್ಲ, ಅದಕ್ಕೆ ಅನ್ನಿ."

ತಮ್ಮ ಮೇಲಿನ ದೂರನ್ನು ಅಷ್ಟು ಜನರೆದುರು ಮುರುಗೇಂದ್ರಪ್ಪನವರು ತಾವೇ ಇಂಗ್ಲಿಷಿನಲ್ಲಿ ಒಪ್ಪಿಸಬೇಕಾಯಿತು. ಕಾವಲಿನವನು ನಕ್ಕುಬಿಟ್ಟ. ಮುರುಗೇಂದ್ರಪ್ಪನವರು ನಗಲಿಲ್ಲ.

ಮುಂದಿನ ಮಸೀದಿಯ ಬಾಗಿಲಲ್ಲಿ ಅವರೇ ಬಗ್ಗಿ, ತಮ್ಮ ಒಂದು ಶೂ ಪಕ್ಕ ಹೆಂಡತಿಯ ಒಂದು ಚಪ್ಪಲಿ ಇಟ್ಟರು.

"ಬಿಡ್ರೀ, ಇಲ್ಲಿ ಯಾರು ಕದೀತಾರೆ?"

"ಕಳ್ಳರಿಗಲ್ಲ ಕಣೇ," ಅಂದರು, ತಲೆ ಎತ್ತದೆ.