ಹರಿಗೋಲಿನ ಸುತ್ತು

ಹಕ್ಕಿಧಾಮದ ಕೆರೆಯಲ್ಲಿ ಬಿದಿರು ಹೆಣೆದ ದುಂಡನೆಯ ಒಂದು ಮುದಿ ಹರಿಗೋಲು ಇತ್ತು. ಮಾಗಿ ಚಳಿ ಬಿತ್ತೆಂದರೆ ಹಿಮಾಲಯ ದಾಟಿ ಹೆಬ್ಬಾತುಗಳು ಬರುತ್ತಿದ್ದವು, ಅವನ್ನು ನೋಡಲು ಶಾಲೆಯ ಮಕ್ಕಳು ಬರುತ್ತಿದ್ದರು. ಮಕ್ಕಳನ್ನು ಹಕ್ಕಿಗಳ ಹತ್ತಿರ ಒಯ್ಯುವುದು ಹರಿಗೋಲಿನ ಕೆಲಸ. ಆ ವರ್ಷ ಹೊಸದೊಂದು ಮೋಟಾರು ದೋಣಿ ಬಂತು.

"ಇವತ್ತು ಯಾವುದು ಮಕ್ಕಳಿಗೆ ಹಕ್ಕಿ ತೋರಿಸುತ್ತದೋ ಅದು ನೀರಲ್ಲಿರಲಿ. ಇನ್ನೊಂದನ್ನು ದಡದಲ್ಲಿ ಬೋರಲು ಹಾಕೋಣ," ಎಂದ ಕಾವಲಿನ ಚಿಕ್ಕೀರಯ್ಯ. ಬೋರಲು ಬಿದ್ದ ಬಿದಿರು ಒಲೆ ಸೇರುತ್ತದೆಂದು ಹರಿಗೋಲಿಗೆ ಗೊತ್ತಿತ್ತು.

"ನೆಟ್ಟಗೆ ನಡೆಯೋಕೆ ಬಾರದು ನಿನಗೆ. ಗಾಣದೆತ್ತಿನ ಹಾಗೆ ಸುತ್ತುತ್ತೀಯ," ಎಂದಿತು ದೋಣಿ.

"ನಮ್ಮವ್ವನೂ ಸುತ್ತಿದಳು, ನಾನೂ ಸುತ್ತುತ್ತೇನೆ. ನೀನು ಮುಂದೆ ನಡೆಯಪ್ಪ," ಎಂದಿತು ಹರಿಗೋಲು.

ದೋಣಿ ಮಕ್ಕಳನ್ನು ಹೊತ್ತು ಗುಡುಗುಡು ಎಂದು ಬಾಣದಂತೆ ಹೋಯಿತು. ಹೆಬ್ಬಾತುಗಳು ಭರ್ರನೆ ಎದ್ದು ಆಚೆ ದಡ ಸೇರಿದವು. ಮಕ್ಕಳಿಗೆ ಕಂಡದ್ದು ಬರೀ ಬಾಲ.

ಆಮೇಲೆ ಹರಿಗೋಲು ಮಕ್ಕಳನ್ನು ಕೂರಿಸಿಕೊಂಡು ಸುತ್ತುತ್ತ ಸುತ್ತುತ್ತ, ಯಾರ ಕಡೆಗೂ ಹೋಗದ ಹಾಗೆ ಆಚೆ ದಡದ ಹತ್ತಿರ ತೇಲಿತು. ಹಿರೀ ಹೆಬ್ಬಾತು ಕತ್ತೆತ್ತಿ ತನ್ನ ಬಳಗಕ್ಕೆ ಹೇಳಿತು: "ಮೇಲೆ ಬೀಳೋರು ನೆಟ್ಟಗೆ ಬರುತ್ತಾರೆ. ಇದು ನಮ್ಮ ಸುತ್ತೋ ಅಕ್ಕ, ಮೇಯಿರಿ."

ಒಂದು ಹಕ್ಕಿಯೂ ಕದಲಲಿಲ್ಲ. ಹರಿಗೋಲು ತಿರುಗಿದಂತೆಲ್ಲ ಒಂದೊಂದು ಮಗುವಿನ ಮುಂದೆಯೂ ಹೆಬ್ಬಾತುಗಳ ಸಾಲು ಹಾದುಹೋಯಿತು. ಹಿಂದೆ ಕೂತವರು ಅನ್ನುವವರೇ ಅಲ್ಲಿರಲಿಲ್ಲ.

ದಡಕ್ಕೆ ಬಂದಾಗ ದೋಣಿ ಬೋರಲು ಮಲಗಿತ್ತು. "ಅಕ್ಕಾ, ನನಗೂ ಸುತ್ತೋದು ಕಲಿಸು," ಎಂದಿತು ಮೆಲ್ಲಗೆ.

"ಕಲಿಸ್ತೀನಿ ತಮ್ಮಾ. ಮೊದಲು ಬಾಯಿ ಮುಚ್ಚೋದು ಕಲಿ," ಎಂದು ಹರಿಗೋಲು ಬೀಗುತ್ತ ಇನ್ನೊಂದು ಸುತ್ತು ಹಾಕಿತು.